ಸೂಜಿಯ ಗುಣ, ನಕ್ಷೆಯ ಗುಣ

ಅಕ್ಯುಪಂಕ್ಚರ್ ಮಿದುಳಿನ ಮೇಲೆ ಪರಿಣಾಮ ಬೀರುತ್ತದೆ ಎಂದೊಡನೆ ಅದರ ಶಾಸ್ತ್ರವೆಲ್ಲ ಸತ್ಯವೆಂದು ಸಾಧಿಸುವವರಿದ್ದಾರೆ. ಇವೆರಡೂ ಬೇರೆ ಬೇರೆ ಮಾತುಗಳು.

1998ರಲ್ಲಿ ಝಾಂಗ್-ಹೀ ಚೋ ಮತ್ತು ಸಂಗಡಿಗರು, ಕಣ್ಣಿನ ಬೇನೆಗೆಂದು ಶಾಸ್ತ್ರ ಹೇಳುವ ಕಾಲಿನ ಕಿರುಬೆರಳ ಬಿಂದುವಿಗೆ ಸೂಜಿ ಚುಚ್ಚಿದರೆ ಮಿದುಳಿನ ದೃಷ್ಟಿಭಾಗ ಚುರುಕಾಗುತ್ತದೆಂದು ಎಂ.ಆರ್.ಐ. ಚಿತ್ರಗಳ ಆಧಾರದಿಂದ ಪ್ರಕಟಿಸಿದರು. ಪ್ರಾಚೀನ ನಕ್ಷೆಗೆ ಇನ್ನಾವ ಸಾಕ್ಷ್ಯ ಬೇಕು! ಆದರೆ 2006ರಲ್ಲಿ, ಬಿಂದುಗಳಿಗೆ ಅಂಥ ನಿರ್ದಿಷ್ಟತೆಯಿಲ್ಲವೆಂದು ಒಪ್ಪಿ ಆ ಪ್ರಬಂಧವನ್ನು ಹಿಂತೆಗೆದುಕೊಂಡರು. ಈ ಧೈರ್ಯ ನನಗೆ ಮೂಲ ಪ್ರಬಂಧಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಹಾಗೆಂದು ಸೂಜಿ ನಿಷ್ಫಲವಲ್ಲ. 2013ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ಚಳಿಯ ಒತ್ತಡಕ್ಕೊಳಪಡಿಸಿದ ಇಲಿಗಳ ಮೊಣಕಾಲ ಕೆಳಗಿನ ಬಿಂದುವಿಗೆ ಸೂಜಿಯಿಂದ ವಿದ್ಯುತ್ತು ಹರಿಸಿದಾಗ ಒತ್ತಡದ ಹಾರ್ಮೋನುಗಳ ಏರಿಕೆ ತಡೆಯಲ್ಪಟ್ಟಿತು. 2021ರಲ್ಲಿ ಹಾರ್ವರ್ಡ್‌ನ ಮಾ ಚ್ಯೂಫು ಬಳಗ ಅದೇ ಬಿಂದುವಿನಿಂದ ಮಿದುಳಿಗೂ, ಅಲ್ಲಿಂದ ಅಡ್ರಿನಲ್ ಗ್ರಂಥಿಗೂ ಸಂದೇಶ ಸಾಗಿಸುವ ನರಕೋಶಗಳನ್ನು ಇಲಿಗಳಲ್ಲಿ ಗುರುತಿಸಿತು. ಜಾಗ ಮುಖ್ಯವೇ ಹೌದು. ಕಾರಣ ಮಾತ್ರ ಪ್ರಾಣಶಕ್ತಿಯ ಕಾಲುವೆಯಲ್ಲ, ನರತಂತುಗಳ ಹಂಚಿಕೆ.

ಮನುಷ್ಯರ ವಿಷಯ ಇನ್ನೂ ತೊಡಕಿನದು. 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ಬೆನ್ನುನೋವಿನ 1,162 ರೋಗಿಗಳಿದ್ದರು. ಶಾಸ್ತ್ರೋಕ್ತ ಸೂಜಿಯಿಂದ ಶೇ. 47.6, ಬಿಂದುಗಳನ್ನು ತಪ್ಪಿಸಿ ಮೇಲುಮೇಲೆ ಚುಚ್ಚಿದ ಹುಸಿ ಸೂಜಿಯಿಂದ ಶೇ. 44.2, ವಾಡಿಕೆಯ ಚಿಕಿತ್ಸೆಯಿಂದ ಶೇ. 27.4 ಮಂದಿಗೆ ಉಪಶಮನ. ಎಲ್ಲಿ ಚುಚ್ಚಿದರೂ ಬಹುಪಾಲು ಅಷ್ಟೇ ಗುಣ!

ಇಲಿಗಳ ಸುದ್ದಿಯನ್ನೋದಿ ರಕ್ತದೊತ್ತಡದ ಮಾತ್ರೆ ನಿಲ್ಲಿಸಿದ ಹಳೆಯ ಸಹೋದ್ಯೋಗಿಯೊಬ್ಬರಿಗೆ ಈ ಅಂಕಿಗಳನ್ನು ಓದಿ ಹೇಳಿದೆ. ಸೂಜಿ ಬಿಡಬೇಕಿಲ್ಲ, ಮಾತ್ರೆಯನ್ನೂ ಬಿಡಬೇಡಿ ಎಂದೆ. ಸೂಜಿ ಮುಂದುವರಿದಿದೆ, ಮಾತ್ರೆಯ ಕುರಿತು ನಮ್ಮ ವಾದವೂ.