ರಾಗಿಯ ಹೆಸರು, ಬಾರ್ಲಿಯ ಬಿಯರು

ಚಾಮರಾಜನಗರ, ಗುಂಡ್ಲುಪೇಟೆಗಳ ಕೆಂಪುಮಣ್ಣಿನಲ್ಲಿ ಮಳೆಯೊಂದನ್ನೇ ನಂಬಿ ಬೆಳೆಯುವ ರಾಗಿಗೆ ಬೆಂಗಳೂರಿನ ಪಾನಗೃಹಗಳಲ್ಲಿ ಈಗ ಹೊಸದೊಂದು ಮರ್ಯಾದೆ ದೊರೆತಿರುತ್ತದೆ. ಬಿಯರನ್ನು ತಮ್ಮಲ್ಲಿಯೇ ತಯಾರಿಸಿ ತಮ್ಮಲ್ಲಿಯೇ ಮಾರುವ ಸಣ್ಣ ಪಾನಗೃಹಗಳು ಆ ನಗರದಲ್ಲಿ 2010–11ರ ಸುಮಾರಿಗೆ ತಲೆಯೆತ್ತಿದವು. ಮೊದಮೊದಲು ಜರ್ಮನಿ, ಬೆಲ್ಜಿಯಂ, ಇಂಗ್ಲೆಂಡುಗಳ ಮಾದರಿಯನ್ನು ಅಕ್ಷರಶಃ ಅನುಸರಿಸುತ್ತಿದ್ದ ಇವು ಬರಬರುತ್ತ ಆ ಮಾದರಿಗಳೊಡನೆ ರಾಗಿ, ಮಾವು, ಬೆಲ್ಲ, ಕಾಫಿ, ಬಾಸುಮತಿ ಅಕ್ಕಿ ಮೊದಲಾದುವನ್ನು ಕೂಡಿಸಿ ಮಿಶ್ರ ಬಗೆಗಳನ್ನು ಮಾಡತೊಡಗಿದುವು. ತರುಣರಲ್ಲಿ ಇವುಗಳಿಗೆ ಬೇಡಿಕೆ ಹೆಚ್ಚುತ್ತಿದೆ. ಇದು ‘ನಮ್ಮ ಮಣ್ಣಿನ ಪಾನೀಯ’ವೆಂದು ಕೊಂಡಾಡುವವರೂ ಇದ್ದಾರೆ. ಈ ಕೊಂಡಾಟವನ್ನು ನಾವು ಸ್ವಲ್ಪ ತೂಗಿ ನೋಡಬೇಕಾಗಿದೆ.

ನಾವು ಪಾನದ ಮಿತ್ರರಲ್ಲವೆಂಬುದನ್ನು ವಾಚಕರು ಬಲ್ಲರು. 1939ರಲ್ಲಿ ತುರುವನೂರಿನಲ್ಲಿ ಈಚಲುಮರಗಳನ್ನು ಕಡಿದು ಸೆರೆಮನೆಗೆ ಹೋದವರನ್ನು ಹಿರಿಯರೆಂದು ಭಾವಿಸುವವರು ನಾವು. ಆದರೆ ಕುಡಿತವು ಕೆಟ್ಟದ್ದೆಂದು ಹೇಳಿ ಲೇಖನಿಯನ್ನು ಕೆಳಗಿಡುವುದು ಸುಲಭ. ಕುಡಿಯುವವರು ಕುಡಿಯುತ್ತಲೇ ಇರುವರು, ರಾಗಿಯ ಹೆಸರಿನಲ್ಲಿ ವ್ಯಾಪಾರವೂ ನಡೆಯುತ್ತಲೇ ಇರುವುದು. ಆದುದರಿಂದ ಆ ವ್ಯಾಪಾರದ ಲೆಕ್ಕವನ್ನು ಕೇಳುವುದು ನಮ್ಮ ಹಕ್ಕೆಂದು ತಿಳಿಯುತ್ತೇವೆ.

ಬೆರಕೆಯೇ ದೋಷವೆಂದು ಕೆಲವರು ಹೇಳುವರು. ಜರ್ಮನಿಯ ಬವೇರಿಯಾದಲ್ಲಿ 1516ರಷ್ಟು ಹಿಂದೆಯೇ ನೀರು, ಬಾರ್ಲಿ, ಹಾಪ್ಸ್ ಹೂಗಳ ಹೊರತು ಬೇರೇನನ್ನೂ ಬಿಯರಿಗೆ ಹಾಕಕೂಡದೆಂದು ಕಟ್ಟಳೆಯಾಗಿತ್ತೆಂಬುದನ್ನು ಅವರು ಎತ್ತಿ ತೋರಿಸುವರು. ಈ ವಾದ ನಮಗೆ ಒಪ್ಪಿಗೆಯಿಲ್ಲ. ಬಿಯರಿನಲ್ಲಿ ಬೆಚ್ಚಗಿನ ಹವೆಯಲ್ಲಿ ಕೆಲಸಮಾಡುವ ಹುದುಗೊಂದು, ತಂಪಿನಲ್ಲಿ ನಿಧಾನವಾಗಿ ಕೆಲಸಮಾಡುವ ಹುದುಗೊಂದು, ಹೀಗೆ ಎರಡು ಕುಲಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಪಟ್ಟಣದವರಿಗೆ ಮಂಜುಗಡ್ಡೆ ದುರ್ಲಭವಾಗಿದ್ದುದರಿಂದ ತಂಪಿನ ಹುದುಗನ್ನು ಬೆಚ್ಚಗಿನ ಹವೆಯಲ್ಲಿಯೇ ದುಡಿಸಿಕೊಂಡರು. ಜರ್ಮನಿಯ ಕಲೋನ್ ಪಟ್ಟಣದವರು ಬೆಚ್ಚಗಿನ ಹುದುಗಿನಿಂದ ಮಾಡಿದುದನ್ನು ತಂಪಿನಲ್ಲಿಟ್ಟು ಹದಗೊಳಿಸಿದರು. ಇಂದು ಮಿಶ್ರ ಬಗೆಯೆಂದು ಪಂಡಿತರು ವರ್ಗೀಕರಿಸುವ ಇವೆರಡೂ ಅಲ್ಲಲ್ಲಿಯ ಅನುಕೂಲ, ಅನನುಕೂಲಗಳಿಂದಲೇ ಹುಟ್ಟಿದುವು.

ಇನ್ನು ನಮ್ಮ ರೈತನಿಗೆ ಬೆರಕೆಯನ್ನು ಯಾರೂ ಕಲಿಸಬೇಕಾಗಿಲ್ಲ. ರಾಗಿಯ ಹೊಲದಲ್ಲಿ ಅವರೆ, ಹುಚ್ಚೆಳ್ಳು, ಜೋಳಗಳ ಅಕ್ಕಡಿ ಸಾಲು ಹಿಡಿಯುವುದು ಅವನ ತಾತನ ಕಾಲದ ಪದ್ಧತಿ. ರಾಗಿಯಾದರೂ ಆಫ್ರಿಕದ ಎತ್ತರದ ನಾಡುಗಳಿಂದ ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದ ಧಾನ್ಯ. ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಪಡೆದುದರಿಂದಲೇ ನಮ್ಮ ಕಣಗಳು ತುಂಬಿದುವು. ಆಫ್ರಿಕದ ಉಗಾಂಡದಲ್ಲಿಯೂ, ನಮ್ಮ ಸಿಕ್ಕಿಮಿನಲ್ಲಿಯೂ ಈ ಧಾನ್ಯದಿಂದ ಮದ್ಯವನ್ನು ಮಾಡುವುದು ಬಹುಕಾಲದ ರೂಢಿ. ಕಾಳನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಬೀಸುವ ಕೆಲಸವನ್ನು ಬಿಯರು ಮಾಡುವವರು ದೊಡ್ಡ ವಿದ್ಯೆಯೆಂದು ಹೇಳಿಕೊಳ್ಳುವರು. ಗುಂಡ್ಲುಪೇಟೆಯ ಯಾವ ತಾಯಿಯೂ ಕೂಸಿನ ಗಂಜಿಗಾಗಿ ಅದನ್ನೇ ಮಾಡುತ್ತಾಳೆ, ಆದರೆ ಅದಕ್ಕೆ ಯಾರೂ ಅವಳಿಗೆ ಪದಕವನ್ನು ಕೊಡುವುದಿಲ್ಲ.

ಹಾಗಾದರೆ ನಮ್ಮ ಆಕ್ಷೇಪವೇನು? ಲೋಟದಲ್ಲಿ ರಾಗಿಯೆಷ್ಟು, ರಾಗಿಯನ್ನು ಬೆಳೆದವನಿಗೆ ಸಿಕ್ಕಿದ್ದೆಷ್ಟು ಎಂಬುದೇ ನಮ್ಮ ಪ್ರಶ್ನೆ. ರಾಗಿಯ ಕಾಳು ಬಹು ಸಣ್ಣದು, ಹೊಟ್ಟು ಕಡಿಮೆ. ಆದುದರಿಂದ ಬೇಯಿಸಿದ ರಸವನ್ನು ಸೋಸುವುದು ಕಷ್ಟವಾಗುತ್ತದೆ. ಈ ಕಾರಣದಿಂದ ಸಾಮಾನ್ಯವಾಗಿ ಬುಡದ ಧಾನ್ಯವು ಬಾರ್ಲಿಯೇ. ಅದು ರಾಜಸ್ಥಾನ ಮೊದಲಾದ ಉತ್ತರದ ಪ್ರಾಂತಗಳಿಂದಲೋ ಹೊರದೇಶಗಳಿಂದಲೋ ಬರತಕ್ಕದ್ದು. ಒಂದು ಲೀಟರು ಬಿಯರಿಗೆ ಸುಮಾರು 200 ಗ್ರಾಂ ಧಾನ್ಯ ಬೇಕು. ಅದರಲ್ಲಿ ಕಾಲುಭಾಗ ರಾಗಿಯೆಂದು ಉದಾರವಾಗಿಯೇ ಎಣಿಸಿದರೂ ಅರ್ಧ ಲೀಟರಿನ ಲೋಟಕ್ಕೆ 25 ಗ್ರಾಂ ಆಯಿತು. 2025–26ನೆಯ ಸಾಲಿಗೆ ಕೇಂದ್ರ ಸರಕಾರವು ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಈ ದರದಲ್ಲಿ ಆ 25 ಗ್ರಾಮಿನ ಬೆಲೆ 1 ರೂಪಾಯಿ 22 ಪೈಸೆ. ಲೋಟದ ಬೆಲೆಯಾದರೋ ನೂರಾರು ರೂಪಾಯಿ. ಕುಶಲತೆ, ಬಾಡಿಗೆ, ಅಬಕಾರಿ ತೆರಿಗೆ ಎಲ್ಲವನ್ನೂ ಕಳೆಯೋಣ. ಆದರೂ ಯಾವ ಧಾನ್ಯದ ಹೆಸರನ್ನು ಹಲಗೆಯ ಮೇಲೆ ಬರೆದು ಗಿರಾಕಿಯನ್ನು ಕರೆಯುವರೋ ಆ ಧಾನ್ಯದ ಪಾಲು ಒಂದೂಕಾಲು ರೂಪಾಯಿಯನ್ನೂ ಮುಟ್ಟದಿದ್ದರೆ ಅದನ್ನು ರೈತನ ಉದ್ಧಾರವೆಂದು ಕರೆಯಲು ನಮಗೆ ನಾಲಗೆ ಬಾರದು.

ರಾಗಿಯನ್ನು ಬಿಟ್ಟು ಗುಂಡ್ಲುಪೇಟೆಯ ರೈತರು ಚೆಂಡುಹೂ, ಸೂರ್ಯಕಾಂತಿ, ಅರಿಸಿನ, ತರಕಾರಿಗಳ ಕಡೆಗೆ ಹೊರಳಿದುದು ಏತಕ್ಕೆಂದು ನಗರದವರು ವಿಚಾರಿಸಿದ್ದುಂಟೆ? ಕೆಲಸ ಸಾಲದೆ ಬೆಟ್ಟವನ್ನು ದಾಟಿ ವಯನಾಡಿನ ತೋಟಗಳಿಗೆ ಕೂಲಿಗೆ ಹೋಗುವವರು ಇದೇ ಸೀಮೆಯವರಲ್ಲವೆ? 2023ನೆಯ ಇಸವಿಯನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿದಾಗ ಭಾಷಣಗಳಿಗೇನೂ ಕೊರತೆಯಿರಲಿಲ್ಲ.

ಕಾಯಿದೆಯ ಕಡೆಯೂ ನೋಡಬೇಕು. 1965ರ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸುವುದು ಅಪರಾಧ. ಕಾಡಂಚಿನ ಗುಡಿಸಲಿನಲ್ಲಿ ಒಬ್ಬನು ಮಡಕೆಯಲ್ಲಿ ರಾಗಿಯನ್ನು ಹುದುಗಿಸಿದರೆ ಅವನು ಅಪರಾಧಿ. ಬಂಡವಾಳವುಳ್ಳವನು ಉಕ್ಕಿನ ಹಂಡೆಯಲ್ಲಿ ಹುದುಗಿಸಿದರೆ ಅವನು ಕಲಾವಿದ. ಮಡಕೆಗೂ ಪರವಾನಗಿ ಕೊಡಿರೆಂದು ನಾವು ಎಂದಿಗೂ ಕೇಳುವವರಲ್ಲ. 2007ರ ಜುಲೈ 1ರಿಂದ ಸಾರಾಯಿಯನ್ನು ನಿಲ್ಲಿಸಿದಾಗ ಸಂತೋಷಪಟ್ಟವರಲ್ಲಿ ನಾವೂ ಸೇರಿದ್ದೇವೆ. ಆದರೆ ಬಡವನ ಕುಡಿತವನ್ನು ಪಾಪವೆಂದೂ ಧನಿಕನ ಕುಡಿತವನ್ನು ಸಂಸ್ಕೃತಿಯೆಂದೂ ಕರೆಯುವ ಎರಡು ನಾಲಗೆಯ ನೀತಿಯನ್ನು ಒಪ್ಪಲಾರೆವು. 2023–24ರಲ್ಲಿ ಅಬಕಾರಿಯಿಂದ 30,000 ಕೋಟಿ ರೂಪಾಯಿಗೂ ಮೀರಿ ಸಂಗ್ರಹಿಸಿದ ಸರಕಾರಕ್ಕೆ ಈ ಮಾತು ಹಿತವಾಗದಿರಬಹುದು.

ಹೆಸರಿಗೂ ಬೆಲೆಯುಂಟೆಂಬುದನ್ನು ಹೊರಗಿನವರು ಅರಿತಿದ್ದಾರೆ. ಕಲೋನಿನ ಬಿಯರು ತಯಾರಕರು 1986ರಲ್ಲಿ ಒಡಂಬಡಿಕೆ ಮಾಡಿಕೊಂಡು ‘ಕೋಲ್ಷ್’ ಎಂಬ ಹೆಸರನ್ನು ತಮ್ಮ ಪ್ರದೇಶಕ್ಕೇ ಕಾದಿಟ್ಟರು. 1997ರಲ್ಲಿ ಯೂರೋಪಿನ ಒಕ್ಕೂಟವೂ ಅದಕ್ಕೆ ರಕ್ಷಣೆ ಕೊಟ್ಟಿತು. ನಮ್ಮ ನೆರೆಯ ಗೋವೆಯ ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ದೊರೆಯಿತು. ನಂಜನಗೂಡಿನ ರಸಬಾಳೆಗೂ ಅಂಥದೇ ಗುರುತುಂಟು. ರಾಗಿಯ ಹೆಸರು ಮಾತ್ರ ಹೇಳುವವರು ಕೇಳುವವರು ಇಲ್ಲದ ಬೀದಿಯ ಸೊತ್ತಾಗಿದೆ.

ಆದುದರಿಂದ ಸರಕಾರದವರು ಮೂರು ಮಾತುಗಳನ್ನು ಗಮನಿಸಲಿ. ರಾಗಿಯ ಹೆಸರಿನಲ್ಲಿ ಮಾರುವ ಬಿಯರಿನಲ್ಲಿ ರಾಗಿ ನೂರಕ್ಕೆ ಎಷ್ಟು ಪಾಲು, ಅದು ಯಾವ ತಾಲ್ಲೂಕಿನದು ಎಂಬುದನ್ನು ಪಾನಗೃಹದ ಪಟ್ಟಿಯಲ್ಲಿ ಕಾಣುವಂತೆ ಬರೆಯಿಸತಕ್ಕದ್ದು. ಆ ರಾಗಿಯನ್ನು ದಲ್ಲಾಳಿಯಿಂದಲ್ಲದೆ ರೈತರ ಸಹಕಾರ ಸಂಘಗಳಿಂದಲೇ, ಬೆಂಬಲ ಬೆಲೆಗಿಂತ ಹೆಚ್ಚಿಗೆ ಕೊಟ್ಟು ಕೊಳ್ಳಬೇಕೆಂಬುದನ್ನು ಪರವಾನಗಿಯ ಷರತ್ತಾಗಿ ಮಾಡತಕ್ಕದ್ದು. ಮೂರನೆಯದಾಗಿ, ರೈತನಿಗೆ ಮಾರುಕಟ್ಟೆ ಒದಗಿಸುವ ನೆಪವನ್ನು ಹೇಳಿಕೊಂಡು ಇಂಥ ಪಾನಗೃಹವೊಂದನ್ನು ನಾಳೆ ಚಾಮರಾಜನಗರದ ಪೇಟೆಯಲ್ಲಿಯೋ ಗುಂಡ್ಲುಪೇಟೆಯ ಹೆದ್ದಾರಿಯ ಬದಿಯಲ್ಲಿಯೋ ತೆರೆಯಲು ಯಾರಾದರೂ ಅರ್ಜಿ ಹಾಕಿದರೆ, ಅಪ್ಪಣೆ ಕೊಡುವುದಕ್ಕೆ ಮುಂಚೆ ಆ ಊರಿನ ಹೆಂಗಸರನ್ನು ಸಭೆ ಸೇರಿಸಿ ಕೇಳತಕ್ಕದ್ದು.