ಹಿತ್ತಲ ಗಿಡವನ್ನು ಕಿತ್ತವರು ಯಾರು?

ಕಳೆದ ತಿಂಗಳು ನಮ್ಮ ಸಂಘದ ಸಭಾಗೃಹದಲ್ಲಿ ಪ್ರತಿಭಾ ಪುರಸ್ಕಾರ ನಡೆಯಿತು. ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯಲ್ಲಿ ಹೆಚ್ಚು ಅಂಕ ಗಳಿಸಿದ ಮಕ್ಕಳಿಗೆ ಶಾಲು, ಸ್ಮರಣಿಕೆ, ಲಕೋಟೆ. ಮುಖ್ಯ ಅತಿಥಿಗಳಾಗಿ ಬಂದಿದ್ದ ಮಹನೀಯರು ಆವೇಶದಿಂದ ಮಾತನಾಡಿದರು. ಗಾಂಧಾರಿಯ ನೂರು ಮಕ್ಕಳು ತುಪ್ಪದ ಕೊಡಗಳಲ್ಲಿ ಬೆಳೆದದ್ದೇ ಪ್ರಪಂಚದ ಮೊದಲ ಪ್ರನಾಳ ಶಿಶು ಪ್ರಯೋಗ, ಪಾಶ್ಚಾತ್ಯರು ಅದನ್ನು ನಮ್ಮಿಂದ ಕದ್ದರು ಎಂದರು. ಚಪ್ಪಾಳೆಯ ಮಳೆಯೇ ಸುರಿಯಿತು. ನಾವೂ, ಪಕ್ಕದವರು ನೋಡುತ್ತಾರೆಂದು, ಎರಡು ಸಲ ಕೈ ತಟ್ಟಿದೆವು. ಅದಕ್ಕೆ ಪ್ರಾಯಶ್ಚಿತ್ತವೆಂದೇ ಈ ಬರಹ.

ಉಪ್ಪಿಟ್ಟು-ಕೇಸರಿಬಾತಿನ ಸಾಲಿನಲ್ಲಿ ನಿಂತಾಗ ಏಳೆಂಟು ಮಂದಿಯನ್ನು ಕೇಳಿದೆವು: "ಸುಭಾಷ್ ಮುಖೋಪಾಧ್ಯಾಯರು ಯಾರು, ಗೊತ್ತೇ?" ಒಬ್ಬರು ಮಾತ್ರ "ಜ್ಞಾನಪೀಠ ಬಂದ ಬಂಗಾಳಿ ಕವಿಯಲ್ಲವೇ?" ಎಂದರು. ಆ ಕವಿ ಬೇರೆ. ನಾವು ಕೇಳಿದ್ದು ವೈದ್ಯರನ್ನು. ತುಪ್ಪದ ಕೊಡ ಎಲ್ಲರಿಗೂ ಗೊತ್ತು. ನಮ್ಮದೇ ದೇಶದಲ್ಲಿ, ನಮ್ಮದೇ ಕಾಲದಲ್ಲಿ ಆ ಕೆಲಸವನ್ನು ನಿಜವಾಗಿ ಮಾಡಿ ತೋರಿಸಿದ ಮನುಷ್ಯ ಯಾರಿಗೂ ಗೊತ್ತಿಲ್ಲ. ಇದಕ್ಕಿಂತ ನಾಚಿಕೆಗೇಡು ಬೇರೆ ಬೇಕೆ?

ಸಂಗತಿ ಇಷ್ಟು. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಪ್ರಪಂಚದ ಮೊದಲ ಪ್ರನಾಳ ಶಿಶು ಹುಟ್ಟಿತು. ಅದಾದ ಎಪ್ಪತ್ತು ದಿನಗಳ ನಂತರ, ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಪೂಜೆಯ ದಿನಗಳಾದ್ದರಿಂದ ಜನ ಆ ಮಗುವನ್ನು 'ದುರ್ಗಾ' ಎಂದು ಕರೆದರು. ಇದರ ಹಿಂದಿದ್ದವರು ಡಾ. ಸುಭಾಷ್ ಮುಖೋಪಾಧ್ಯಾಯ. ಕಲ್ಕತ್ತೆಯಲ್ಲೊಂದು, ಎಡಿನ್‌ಬರೋದಲ್ಲೊಂದು, ಹೀಗೆ ಎರಡು ಡಾಕ್ಟರೇಟ್ ಪಡೆದಿದ್ದ ಅಧ್ಯಾಪಕರು. ಜೊತೆಗೆ ಶೈತ್ಯವಿಜ್ಞಾನ ಬಲ್ಲ ಸುನೀತ್ ಮುಖರ್ಜಿ, ಸ್ತ್ರೀರೋಗ ತಜ್ಞ ಸರೋಜ್ ಕಾಂತಿ ಭಟ್ಟಾಚಾರ್ಯ.

ಇಂಗ್ಲೆಂಡಿನವರ ವಿಧಾನವನ್ನು ಇವರು ನಕಲು ಮಾಡಿರಲಿಲ್ಲ. ಅವರು ತಾಯಿಯ ಸಹಜ ಋತುಚಕ್ರದಲ್ಲಿ ಸಿಕ್ಕ ಒಂದು ಅಂಡವನ್ನು ನಂಬಿಕೊಂಡಿದ್ದರು. ಇವರು ಹಾರ್ಮೋನು ಚುಚ್ಚುಮದ್ದು ಕೊಟ್ಟು ಹಲವು ಅಂಡಗಳನ್ನು ಪಡೆದರು. ಭ್ರೂಣವನ್ನು ಐವತ್ತಮೂರು ದಿನ ಶೈತ್ಯದಲ್ಲಿ ಕಾಪಾಡಿ, ಗರ್ಭಕೋಶ ಸಹಜ ಸ್ಥಿತಿಗೆ ಬಂದ ಮೇಲೆ ಒಳಗಿಟ್ಟರು. ಶೈತ್ಯೀಕರಿಸಿದ ಭ್ರೂಣದಿಂದ ಗರ್ಭ ನಿಂತ ವರದಿ ಆಸ್ಟ್ರೇಲಿಯಾದಿಂದ ಬಂದದ್ದು 1983ರಲ್ಲಿ. ಈಗ ಊರೂರಿನ ಸಂತಾನ ಕೇಂದ್ರಗಳಲ್ಲಿ ಚುಚ್ಚುಮದ್ದೂ ಶೈತ್ಯೀಕರಣವೂ ದಿನನಿತ್ಯದ ಮಾತು.

ಇಂಥವರಿಗೆ ನಾವು ಕೊಟ್ಟ ಬಹುಮಾನವೇನು? 1978ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಒಂದು ಪರಿಶೀಲನಾ ಸಮಿತಿ ನೇಮಿಸಿತು. ಅದರ ಅಧ್ಯಕ್ಷರು ರೇಡಿಯೋ ಭೌತವಿಜ್ಞಾನದ ಪ್ರಾಧ್ಯಾಪಕರು! ಸಮಿತಿ ಇವರ ಮಾತನ್ನು ನಂಬಲಿಲ್ಲ. 1979ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಿಂದ ಕರೆ ಬಂದಾಗ ಹೋಗಲು ಅನುಮತಿ ಸಿಗಲಿಲ್ಲ. ಹೃದಯ ಬೇನೆ ಬಂತು. 1981ರ ಜೂನಿನಲ್ಲಿ ಅವರನ್ನು ಕಣ್ಣಿನ ಸಂಸ್ಥೆಯೊಂದಕ್ಕೆ ವರ್ಗ ಮಾಡಲಾಯಿತು. ಸಂತಾನಶಾಸ್ತ್ರದಲ್ಲಿ ಜೀವ ತೇಯ್ದವರಿಗೆ ಕಣ್ಣಿನ ಆಸ್ಪತ್ರೆ! ಅದೇ ತಿಂಗಳು 19ರಂದು ಅವರು ತಮ್ಮ ಕೈಯಾರೆ ಪ್ರಾಣ ಕಳೆದುಕೊಂಡರು. ವಯಸ್ಸು ಐವತ್ತು.

"ಸಂಶಯ ಪಡುವುದು ವಿಜ್ಞಾನದ ಧರ್ಮವಲ್ಲವೇ? ಸಮಿತಿ ಪ್ರಶ್ನೆ ಕೇಳಿದ್ದರಲ್ಲಿ ತಪ್ಪೇನು?" ಎಂದು ಕೆಲವರು ಕೇಳಬಹುದು. ಒಪ್ಪಿದೆವು. ಪ್ರಶ್ನೆ ಕೇಳಲೇಬೇಕು. ಇಂಗ್ಲೆಂಡಿನಲ್ಲೂ ಎಡ್ವರ್ಡ್ಸ್ ಮತ್ತು ಸ್ಟೆಪ್ಟೋ ಅವರಿಗೆ 1971ರಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿ ಹಣ ನಿರಾಕರಿಸಿತ್ತು. ಆದರೆ ಹಣ ಕೊಡದಿದ್ದವರು ಕೆಲಸ ಮಾಡಬೇಡಿರೆಂದು ಕೈ ಕಟ್ಟಲಿಲ್ಲ. ಅವರು ಬೇರೆ ಕಡೆಯಿಂದ ಹಣ ತಂದು ಮುಂದುವರಿದರು. 2010ರಲ್ಲಿ ಎಡ್ವರ್ಡ್ಸರಿಗೆ ನೊಬೆಲ್ ಬಂತು. ಸಂಶಯಕ್ಕೆ ಪರಿಹಾರ ಇನ್ನೊಂದು ಪ್ರಯೋಗ. ನಾವು ಪ್ರಯೋಗದ ಬದಲು ವರ್ಗಾವಣೆಯ ಆದೇಶ ಕೊಟ್ಟೆವು. ಬಲ್ಲವರ ಸಭೆಯಲ್ಲಿ ನಿಂತು ಉತ್ತರಿಸುವ ಅವಕಾಶವನ್ನೇ ಕಿತ್ತುಕೊಂಡು, ಆಮೇಲೆ ಉತ್ತರವಿಲ್ಲವೆಂದು ದೂರುವುದು ಯಾವ ನ್ಯಾಯ?

ಇದು ಒಬ್ಬರ ಪಾಡೂ ಅಲ್ಲ. ಕಲ್ಕತ್ತೆಯ ಶಂಭುನಾಥ ಡೇ ಅವರು ಮೊಲದ ಕರುಳಿನ ತುಣುಕನ್ನು ಕಟ್ಟಿ ಪ್ರಯೋಗ ಮಾಡಿ, ಕಾಲರಾ ರೋಗಾಣು ಸುರಿಸುವ ವಿಷವೇ ಕರುಳಿನಿಂದ ನೀರನ್ನು ಹೊರಗೆಳೆಯುತ್ತದೆಂದು 1959ರಲ್ಲಿ ತೋರಿಸಿದರು. 1985ರಲ್ಲಿ ತೀರಿಕೊಳ್ಳುವವರೆಗೂ ನಮ್ಮ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ. 1971ರಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಮುಗಿದಾಗ ದಿಲೀಪ್ ಮಹಲನಬಿಸ್ ಉಪ್ಪು, ಅಡುಗೆ ಸೋಡ, ಗ್ಲೂಕೋಸ್ ಬೆರೆಸಿದ ನೀರು ಕುಡಿಸಿ ಸಾವಿನ ಪ್ರಮಾಣವನ್ನು ನೂರಕ್ಕೆ ಮೂವತ್ತರಿಂದ ನಾಲ್ಕಕ್ಕೂ ಕೆಳಗೆ ಇಳಿಸಿದರು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಭೇದಿಯಾದಾಗ ಕಲಸಿ ಕೊಡುವ ಓ.ಆರ್.ಎಸ್. ಪೊಟ್ಟಣದ ಹಿಂದೆ ಆ ಶಿಬಿರವಿದೆ. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಕೊಂಡ ಮೇಲೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಶಾಸನವೆಂದೇ ಪಾಲಿಸುತ್ತಿದ್ದೇವೆ.

ಇಲ್ಲಿ ಸರ್ಕಾರವನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಸರ್ಕಾರವೆಂದರೆ ಯಾರು? ಅದರಲ್ಲಿ ನಾವೂ ಇದ್ದೇವೆ. ಬಿ.ಎಸ್ಸಿ. ಮುಗಿಸಿ, ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಕಛೇರಿಯಲ್ಲಿ ಗುಮಾಸ್ತರಾಗಿ ಈ ಮುಂಬಯಿಯಲ್ಲಿ ಇಪ್ಪತ್ತು ವರ್ಷ ಸವೆಸಿದ್ದೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಮೇಜಿಗೊಂದು ಕಾಗದ ಬಂತು. ಯುವ ಸಂಶೋಧಕನೊಬ್ಬ ಪರದೇಶದ ಸಮ್ಮೇಳನದಲ್ಲಿ ಪ್ರಬಂಧ ಓದಲು ಅನುಮತಿ ಕೇಳಿದ್ದ. ಮೂರು ಪ್ರತಿ ಇರಬೇಕಾದಲ್ಲಿ ಎರಡೇ ಇದ್ದವು. "ನ್ಯೂನತೆ ಸರಿಪಡಿಸಿ ಮರಳಿ ಸಲ್ಲಿಸುವುದು" ಎಂದು ಶರಾ ಬರೆದು ಹಿಂದಕ್ಕೆ ಕಳಿಸಿದೆವು. ಇನ್ನೊಂದು ಪ್ರತಿಯನ್ನು ನಾವೇ ಜೆರಾಕ್ಸ್ ಮಾಡಿಸಬಹುದಿತ್ತು. ಯಂತ್ರ ಹತ್ತು ಹೆಜ್ಜೆ ದೂರದಲ್ಲಿತ್ತು. ಫೈಲು ಸುತ್ತಿ ಬಂದು ಮಂಜೂರಾದಾಗ ಸಮ್ಮೇಳನ ಮುಗಿದು ನಾಲ್ಕು ದಿನವಾಗಿತ್ತು. ಹುಡುಗ ಬಂದು ಆದೇಶದ ಪ್ರತಿ ತೆಗೆದುಕೊಂಡು "ಥ್ಯಾಂಕ್ಸ್ ಸಾರ್" ಎಂದು ಹೋದ. ಬೈದಿದ್ದರೆ ಚೆನ್ನಾಗಿತ್ತು.

ಗುಮಾಸ್ತಗಿರಿಯ ಗುಣವೇ ಇದು ಎನ್ನುವವರಿಗೆ ಎರಡು ಉದಾಹರಣೆ ಕೊಡುತ್ತೇವೆ. 1912ರಲ್ಲಿ ಮದರಾಸಿನ ಬಂದರು ಕಛೇರಿಯಲ್ಲಿ ತಿಂಗಳಿಗೆ ಮೂವತ್ತು ರೂಪಾಯಿಯ ಗುಮಾಸ್ತರೊಬ್ಬರಿದ್ದರು. ಅವರೇ ಶ್ರೀನಿವಾಸ ರಾಮಾನುಜನ್. ಅಲ್ಲಿನ ಲೆಕ್ಕಾಧಿಕಾರಿ ನಾರಾಯಣ ಅಯ್ಯರ್ ಅವರೂ, ಅಧ್ಯಕ್ಷ ಫ್ರಾನ್ಸಿಸ್ ಸ್ಪ್ರಿಂಗ್ ಅವರೂ ಈ ಗುಮಾಸ್ತನ ಲೆಕ್ಕದ ಹಾಳೆಗಳಲ್ಲಿ ಏನಿದೆಯೆಂದು ಅರಿತು ನೆರವಾದರು. ಮರುವರ್ಷ ವಿಶ್ವವಿದ್ಯಾಲಯ ಎಪ್ಪತ್ತೈದು ರೂಪಾಯಿ ವೇತನ ಕೊಟ್ಟಾಗ ಕಛೇರಿ ಅವರನ್ನು ಬಿಟ್ಟುಕೊಟ್ಟಿತು. ಅದು ಪರಕೀಯರ ಆಳ್ವಿಕೆ. ಇನ್ನು ಸಿ.ವಿ. ರಾಮನ್ 1907ರಿಂದ ಹತ್ತು ವರ್ಷ ಹಣಕಾಸು ಇಲಾಖೆಯ ನೌಕರರು. ಕಲ್ಕತ್ತೆಯಲ್ಲಿ ಕಛೇರಿಗೆ ಮುಂಚೆ ಮತ್ತು ಕಛೇರಿ ಬಿಟ್ಟ ಮೇಲೆ ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಶಾಲೆಗೆ ಹೋಗುತ್ತಿದ್ದರು. ಆ ಪ್ರಯೋಗಶಾಲೆಯನ್ನು ಕಟ್ಟಿದವರು ಡಾ. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು, 1876ರಲ್ಲಿ. ಒಂದು ಸಂಘವೆಂದರೆ ಏನು ಮಾಡಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ನಮ್ಮದೂ ಸಂಘವೇ.

ಸುಭಾಷರ ಹೆಸರು ಉಳಿದದ್ದು ಹೇಗೆಂಬುದನ್ನೂ ಹೇಳಬೇಕು. ಅದು ನಮ್ಮ ಈ ಊರಿನ ಕಥೆ. 1986ರ ಆಗಸ್ಟ್ 6ರಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವೇ ಭಾರತದ ಮೊದಲ ಪ್ರನಾಳ ಶಿಶುವೆಂದು ಎಲ್ಲರೂ ಒಪ್ಪಿದ್ದರು. ಆ ಸಾಧನೆಯ ಹಿಂದಿದ್ದ ವಿಜ್ಞಾನಿ ಡಾ. ಟಿ.ಸಿ. ಆನಂದ ಕುಮಾರ್. 1997ರಲ್ಲಿ ಅವರ ಕೈಗೆ ಸುಭಾಷರ ಹಳೆಯ ಟಿಪ್ಪಣಿಗಳು ಸಿಕ್ಕವು. ಓದಿದರು, ತೂಗಿ ನೋಡಿದರು. ಆ ಮೇಲೆ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ, ಮೊದಲಿಗರು ತಾವಲ್ಲ, ಸುಭಾಷರು ಎಂದು ತಾವೇ ಬರೆದರು. ತನ್ನ ತಲೆಯ ಕಿರೀಟವನ್ನು ತಾನೇ ತೆಗೆದು ಸತ್ತವನ ತಲೆಗೆ ಇಡುವವರು ಎಷ್ಟು ಮಂದಿ? ಕೌರವರ ಕೊಡದ ಕಥೆಯ ಬದಲು ಈ ಕಥೆಯನ್ನು ಆ ಮಕ್ಕಳಿಗೆ ಹೇಳಿದ್ದರೆ ಪುರಸ್ಕಾರ ಸಾರ್ಥಕವಾಗುತ್ತಿತ್ತು. ಮಹಾಭಾರತಕ್ಕೆ ನಾವು ಕೈ ಮುಗಿಯುತ್ತೇವೆ. ಅದು ಕಾವ್ಯ, ಅದಕ್ಕೆ ಪ್ರಯೋಗಶಾಲೆಯ ಸರ್ಟಿಫಿಕೇಟು ಬೇಕಿಲ್ಲ.

ಆದ್ದರಿಂದ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ನಮ್ಮ ಕೋರಿಕೆ ಮೂರು. ಬರುವ ಫೆಬ್ರವರಿ 28ರ ವಿಜ್ಞಾನ ದಿನದಂದು, ಈ ಊರಿನ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿರುವ ಒಬ್ಬ ಕನ್ನಡಿಗರನ್ನು ಕರೆಸಿ ಕನ್ನಡದಲ್ಲೇ ಮಾತನಾಡಿಸಬೇಕು. ಪುರಸ್ಕಾರದಲ್ಲಿ ಒಂದು ಬಹುಮಾನವನ್ನಾದರೂ, ಸ್ವಂತ ಪ್ರಯೋಗ ಮಾಡಿ, ಅದು ಸೋತರೂ ಸೋತಿತೆಂದು ನಿಜ ಬರೆದ ಮಗುವಿಗೆ ಮೀಸಲಿಡಬೇಕು. ಮೂರನೆಯದು ನಮ್ಮಂಥ ನೌಕರ ಸದಸ್ಯರಿಗೆ: ಸಂಶೋಧಕರ ಕಾಗದ ನಿಮ್ಮ ಮೇಜಿಗೆ ಬಂದ ದಿನ, ಒಂದು ಪ್ರತಿ ಕಡಿಮೆಯಿದ್ದರೆ ಎದ್ದು ಹತ್ತು ಹೆಜ್ಜೆ ನಡೆಯಿರಿ.