ವಿಪತ್ತಿನ ವ್ಯಾಪಾರ ಶ್ರಾವಕನಿಗೆ ಸಲ್ಲದು

ಮಳೆಗಾಲಕ್ಕೆ ಮುನ್ನ ಮನೆಗೆ ಬೇಕಾದುದನ್ನು ಕೂಡಿಡುವುದು ಸಿದ್ದಾಪುರದವರಿಗೆ ಹೊಸದಲ್ಲ. ಮೊದಲ ಮಳೆ ಬೀಳುವುದರೊಳಗೆ ಸೌದೆ ಒಣಗಿ ಕೊಟ್ಟಿಗೆ ಸೇರಬೇಕು. ಅಕ್ಕಿ, ಬೇಳೆ, ಬೆಲ್ಲ, ಹಪ್ಪಳ, ಉಪ್ಪಿನಕಾಯಿ ಜಾಡಿಗಳಲ್ಲಿ ತುಂಬಿರಬೇಕು. ಕಾವೇರಿ ಉಕ್ಕಿ ದಾರಿ ಮುಚ್ಚಿದರೆ ನಾಲ್ಕು ದಿನ ಯಾರ ಮನೆಯ ಬಾಗಿಲನ್ನೂ ತಟ್ಟದೆ ಬದುಕಬೇಕೆಂಬುದು ಗೃಹಸ್ಥನ ವಿವೇಕ. ಅದನ್ನು ಯಾವ ಶಾಸ್ತ್ರವೂ ಲೋಭವೆಂದು ಹೇಳುವುದಿಲ್ಲ.

ಆದರೆ ಈಚೆಗೆ ಬೇರೊಂದು ಬಗೆಯ ಸಂಗ್ರಹದ ಮಾತು ನಮ್ಮ ಮನೆಗಳನ್ನೂ ಪ್ರವೇಶಿಸಿದೆ. ನಮ್ಮವರೇ ಆದ ವಿದ್ಯಾವಂತ ತರುಣರೊಬ್ಬರು ಒಂದು ಸಂಜೆ ನನಗೆ ಒಂದು ಪಟ್ಟಿಯನ್ನು ತೋರಿಸಿದರು. ಉಪ್ಪು, ಬೆಂಕಿಪೆಟ್ಟಿಗೆ, ಮೇಣದಬತ್ತಿ, ಸಾಬೂನು, ಸೂಜಿ ದಾರ, ಬ್ಯಾಟರಿ, ಜ್ವರದ ಮಾತ್ರೆ, ಹೊಗೆಸೊಪ್ಪು, ಕೊನೆಯಲ್ಲಿ ಮದ್ಯದ ಚಿಕ್ಕ ಶೀಶೆಗಳು. ಇಷ್ಟೆಲ್ಲ ಯಾವ ಮನೆಗೆಂದು ಕೇಳಿದೆ. ಇದು ಬಳಕೆಗಲ್ಲ, ವಿನಿಮಯಕ್ಕೆ ಎಂದರು. ಸರ್ಕಾರ, ಬ್ಯಾಂಕು, ವಿದ್ಯುತ್ತು ಎಲ್ಲವೂ ಒಂದು ದಿನ ಕುಸಿಯುತ್ತವೆ. ಅಂದು ನೋಟಿಗೆ ಬೆಲೆಯಿರುವುದಿಲ್ಲ. ಒಂದು ಬೆಂಕಿಪೆಟ್ಟಿಗೆಗೆ ಬೆಳ್ಳಿಯ ಲೋಟ, ಒಂದು ಹಾಳೆ ಮಾತ್ರೆಗೆ ಚಿನ್ನದ ಉಂಗುರ ಬರುತ್ತದೆ ಎಂದು ಅವರ ಲೆಕ್ಕ. ಪಶ್ಚಿಮದ ದೇಶಗಳಲ್ಲಿ ಅನೇಕರು ಹೀಗೆಯೇ ಸಿದ್ಧರಾಗುತ್ತಿದ್ದಾರಂತೆ. ಹೇಳುವಾಗ ಅವರ ಮುಖದಲ್ಲಿ ಸಂಕೋಚದ ಸುಳಿವೂ ಇರಲಿಲ್ಲ. ಅವರು ಕೆಟ್ಟವರಲ್ಲ. ಕೆಟ್ಟವರಲ್ಲದವರೂ ಇದನ್ನು ದೂರದೃಷ್ಟಿಯೆಂದು ಭಾವಿಸತೊಡಗಿದ್ದಾರೆ ಎಂಬ ಕಾರಣದಿಂದಲೇ ಈ ಲೇಖನವನ್ನು ಬರೆಯಬೇಕಾಯಿತು.

ಮೊದಲು ಶಾಸ್ತ್ರದ ಮಾತು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದೆಂದು ತತ್ತ್ವಾರ್ಥಸೂತ್ರ ಎಣಿಸುತ್ತದೆ. ಪಾಠಶಾಲೆಯಲ್ಲಿ ಇದನ್ನು ಕಂಠಪಾಠ ಮಾಡಿದವರು ಅನೇಕರು, ಅರ್ಥವನ್ನು ಯೋಚಿಸಿದವರು ಕೆಲವರು. ಕನ್ನಡ ನಾಡಿನವರೇ ಆದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ, ವ್ಯವಸ್ಥೆ ಕೆಟ್ಟ ರಾಜ್ಯದಲ್ಲಿ ಬೆಲೆಬಾಳುವ ವಸ್ತುಗಳು ಅಲ್ಪಬೆಲೆಗೆ ಸಿಕ್ಕುತ್ತವೆಂದು ಅವನ್ನು ಪಡೆಯಲು ಮಾಡುವ ಪ್ರಯತ್ನವನ್ನೇ ಎತ್ತಿ ತೋರಿಸುತ್ತಾರೆ. ಬೆಂಕಿಪೆಟ್ಟಿಗೆಗೆ ಬೆಳ್ಳಿಯ ಲೋಟ ಪಡೆಯುವ ಲೆಕ್ಕ ಇದಲ್ಲದೆ ಮತ್ತೇನು? ಕಾನೂನು ಕುಸಿದ ಮೇಲೆ ಯಾವ ಕಾನೂನಿನ ಭಯ ಎಂದು ಆ ತರುಣರು ಕೇಳಿದ್ದರು. ಅರಸನಿಲ್ಲದ ಕಾಲದಲ್ಲಿ ವ್ರತಿಕನು ಏನು ಮಾಡಬಾರದು ಎಂಬುದನ್ನು ಆಚಾರ್ಯರು ಒಂದೂವರೆ ಸಾವಿರ ವರ್ಷಗಳ ಹಿಂದೆಯೇ ಯೋಚಿಸಿದ್ದರು. ಅದನ್ನು ಅವರು ಜಾಣ ವ್ಯಾಪಾರವೆಂದು ಕರೆಯಲಿಲ್ಲ. ಕಳ್ಳತನದ ಪಕ್ಕದಲ್ಲಿ ಕೂರಿಸಿದರು.

ಎರಡನೆಯದು ಪರಿಗ್ರಹಪರಿಮಾಣದ ಮಾತು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಈ ವ್ರತದ ಅತಿಚಾರಗಳಲ್ಲಿ ಅತಿಸಂಗ್ರಹವನ್ನು ಹೇಳುತ್ತದೆ. ಟೀಕಾಕಾರರಾದ ಪ್ರಭಾಚಂದ್ರರ ಪ್ರಕಾರ, ಧಾನ್ಯಾದಿಗಳು ಮುಂದೆ ವಿಶೇಷ ಲಾಭ ತರುತ್ತವೆಂಬ ಲೋಭದಿಂದ ಅವನ್ನು ಮಿತಿಮೀರಿ ಕೂಡಿಡುವುದೇ ಅತಿಸಂಗ್ರಹ. ಇಲ್ಲಿ ದೋಷವಿರುವುದು ಮೂಟೆಗಳ ಎಣಿಕೆಯಲ್ಲಿ ಮಾತ್ರವಲ್ಲ, ಯಾವ ಲಾಭವನ್ನು ನೆನೆದು ಕೂಡಿಟ್ಟೆವೆಂಬುದರಲ್ಲಿ.

ಆ ನೆನಪೇ ಅತ್ಯಂತ ಭಯಾನಕವಾದುದು. ಸಮಾಜ ಕುಸಿದರೆ ಮಾತ್ರ ಲಾಭ ತರುವ ದಾಸ್ತಾನನ್ನು ಇಟ್ಟುಕೊಂಡವನು ದಿನವೂ ಏನನ್ನು ಬಯಸುತ್ತಾನೆ? ಬೆಳೆ ಚೆನ್ನಾಗಿ ಬಂದರೆ ಅವನಿಗೆ ನಷ್ಟ. ಸೇತುವೆ ಉಳಿದರೆ ನಷ್ಟ. ನೆರೆಮನೆಯ ಮಗುವಿನ ಜ್ವರ ತಾನಾಗಿ ಇಳಿದರೂ ನಷ್ಟ. ಪರರಿಗೆ ಕೇಡಾಗಲೆಂದು ಚಿಂತಿಸುವುದನ್ನು ಅಪಧ್ಯಾನವೆಂದು ಕರೆದು, ಅದನ್ನು ಅನರ್ಥದಂಡಗಳಲ್ಲಿ ಸೇರಿಸಿದ್ದಾರೆ. ಬೇರೆ ಪಾಪಗಳಿಗೆ ಕೈಕಾಲು ಆಡಿಸಬೇಕು. ಈ ಪಾಪ ಮಲಗಿದ್ದಾಗಲೂ ಬೆಳೆಯುತ್ತದೆ, ಏಕೆಂದರೆ ದಾಸ್ತಾನು ಕೋಣೆಯಲ್ಲಿರುವಷ್ಟು ಕಾಲವೂ ಆಸೆ ಮನಸ್ಸಿನಲ್ಲಿರುತ್ತದೆ.

ಪಟ್ಟಿಯ ಕೊನೆಯ ಎರಡು ಬಾಬುಗಳ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಮದ್ಯತ್ಯಾಗ ಶ್ರಾವಕನ ಮೂಲಗುಣಗಳಲ್ಲಿ ಒಂದು. ತಾನು ಮುಟ್ಟದ ಮದ್ಯವನ್ನು ಸಂಕಟದಲ್ಲಿರುವವನ ಕೈಗಿಟ್ಟು ಅವನ ಹೆಂಡತಿಯ ಒಡವೆಯನ್ನು ಪಡೆಯುವುದು ಯಾವ ಕುಲಾಚಾರ?

ಇನ್ನು ಆ ದಾಸ್ತಾನನ್ನು ಕಾಯುವವರಾರು? ಪೊಲೀಸರಿಲ್ಲದ, ನ್ಯಾಯಾಲಯವಿಲ್ಲದ ದಿನಗಳಿಗಾಗಿಯೇ ಅದನ್ನು ಕೂಡಿಟ್ಟದ್ದು. ಹಸಿದವರು ಬಾಗಿಲಿಗೆ ಬಂದಾಗ ಕೊಡಬೇಕು, ಇಲ್ಲವೇ ಹೊಡೆಯಬೇಕು. ಗೃಹಸ್ಥನಿಗೆ ವಿರೋಧಿ ಹಿಂಸೆಯ ವಿನಾಯಿತಿ ಇದೆಯೆಂದು ಕೆಲವರು ವಾದಿಸಬಹುದು. ಆ ವಿನಾಯಿತಿ ಆಕ್ರಮಣಕಾರನಿಂದ ಪ್ರಾಣವನ್ನೂ ಆಶ್ರಿತರನ್ನೂ ರಕ್ಷಿಸುವುದಕ್ಕೆ; ಅಕ್ಕಿ ಕೇಳಲು ಬಂದ ನೆರೆಯವನಿಂದ ಲಾಭವನ್ನು ರಕ್ಷಿಸುವುದಕ್ಕಲ್ಲ. ಕೂಡಿಟ್ಟ ವಿಷಯಗಳ ಸಂರಕ್ಷಣೆಯಲ್ಲೇ ಮುಳುಗಿದ ಚಿತ್ತವನ್ನು ರೌದ್ರಧ್ಯಾನದ ನಾಲ್ಕನೆಯ ಬಗೆಯೆಂದು ಹೇಳಿರುವುದು ಸುಮ್ಮನೆ ಅಲ್ಲ.

ಈಗ ಅನುಭವದ ಮಾತಿಗೆ ಬರೋಣ. ಕುಸಿತವೆಂದರೆ ಏನೆಂದು ಕೊಡಗಿಗೆ ಗೊತ್ತು. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಲಿನ ಬೆಟ್ಟಗಳೇ ಜಾರಿದವು. 2019ರ ಆಗಸ್ಟಿನಲ್ಲಿ ಕಾವೇರಿ ನಮ್ಮ ಬಾಗಿಲಿಗೇ ಬಂದಳು. ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯ ನದೀತೀರದ ಮನೆಗಳು ನೀರುಪಾಲಾದವು. ತೋಟದ ಕೂಲಿಯಿಂದ ಬದುಕುವ ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಗಳನ್ನು ಸೇರಿದವು. ಆ ದಿನಗಳಲ್ಲಿ ಜನರನ್ನು ಉಳಿಸಿದ್ದು ಯಾವುದು? ವಿನಿಮಯವಲ್ಲ. ಉಂಗುರ ಕೊಟ್ಟು ಅನ್ನ ಕೊಂಡವರ ಕಥೆಯನ್ನು ನಾನು ಕೇಳಿಲ್ಲ. ದೋಣಿ ಇಳಿಸಿದವರು, ಶಾಲೆಯ ಜಗಲಿಯಲ್ಲಿ ಅನ್ನ ಬೇಯಿಸಿದವರು, ಅಕ್ಕಿ ಹೊದಿಕೆಗಳನ್ನು ಲಾರಿಗಳಲ್ಲಿ ಕಳುಹಿಸಿದ ದೂರದ ಊರಿನವರು ಉಳಿಸಿದರು. ಎಲ್ಲವೂ ಕುಸಿದಾಗ ಮನುಷ್ಯರು ಗಿರಾಕಿಗಳಾಗುತ್ತಾರೆಂಬುದು ಪಟ್ಟಿ ಬರೆದವರ ನಂಬಿಕೆ. ಮನುಷ್ಯರು ನೆರೆಹೊರೆಯವರಾಗುತ್ತಾರೆಂಬುದು ನಾವು ಕಂಡ ಸತ್ಯ.

ಕೂಡಿಟ್ಟವರು ಗೆದ್ದ ಕಡೆ ಏನಾಯಿತೆಂಬುದಕ್ಕೂ ಇತಿಹಾಸದಲ್ಲಿ ಸಾಕ್ಷಿಯಿದೆ. 1943ರ ಬಂಗಾಳದ ಕ್ಷಾಮದಲ್ಲಿ ಸತ್ತವರು 15 ಲಕ್ಷವೆಂದು ವಿಚಾರಣಾ ಆಯೋಗ ಅಂದಾಜಿಸಿತು; ಅನಂತರದ ಅಂದಾಜುಗಳು 30 ಲಕ್ಷದವರೆಗೂ ಹೋಗಿವೆ. ಆ ವರ್ಷ ಬಂಗಾಳದಲ್ಲಿ ದೊರೆಯುತ್ತಿದ್ದ ಆಹಾರ 1941ಕ್ಕಿಂತ ಕಡಿಮೆಯಿರಲಿಲ್ಲವೆಂದು ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಯುದ್ಧಕಾಲದ ಬೆಲೆಯೇರಿಕೆಯೊಂದಿಗೆ ಭೀತಿಯ ಖರೀದಿಯೂ ಲಾಭದಾಸೆಯ ದಾಸ್ತಾನೂ ಕೂಡಿಕೊಂಡು, ಅಕ್ಕಿ ಕೂಲಿಕಾರನ ಕೈಗೆಟುಕದಾಯಿತು. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಮುಖಗವಸನ್ನೂ ಕೈತೊಳೆಯುವ ದ್ರಾವಣವನ್ನೂ ಅಗತ್ಯ ವಸ್ತುಗಳೆಂದು ಘೋಷಿಸಿ, ಮೂರು ಪದರದ ಮುಖಗವಸಿಗೆ 10 ರೂಪಾಯಿ, 200 ಮಿಲಿಲೀಟರ್ ದ್ರಾವಣಕ್ಕೆ 100 ರೂಪಾಯಿ ಎಂದು ಕೇಂದ್ರ ಸರ್ಕಾರ ಮಿತಿ ಹಾಕಬೇಕಾಯಿತು. ಅಂದು ಸಮಾಜವೇನೂ ಕುಸಿದಿರಲಿಲ್ಲ. ಭಯ ಮಾತ್ರ ಹುಟ್ಟಿತ್ತು. ಅಷ್ಟಕ್ಕೇ ಲಾಭಕೋರತನ ಬೀದಿಗೆ ಬಂದಿತ್ತು.

ನಮ್ಮಲ್ಲಿ ವ್ಯಾಪಾರಿಗಳು ಬಹಳ. ಸಂಗ್ರಹವಿಲ್ಲದೆ ವ್ಯಾಪಾರ ನಡೆಯುವುದೇ ಎಂದು ಅವರು ಕೇಳುವುದು ಸಹಜ, ಮತ್ತು ಆ ಪ್ರಶ್ನೆ ನ್ಯಾಯವಾದುದು. ಸುಗ್ಗಿಯಲ್ಲಿ ಕೊಂಡು ಮಳೆಗಾಲದಲ್ಲಿ ಮಾರುವ ದಿನಸಿ ವರ್ತಕನು ಊರಿಗೆ ಉಪಕಾರಿಯೇ. ಮೆಣಸಿಗೆ ಬೆಲೆ ಬರಲೆಂದು ಕಾಯುವ ಬೆಳೆಗಾರನಿಂದ ಯಾರ ಮಗುವೂ ಹಸಿಯುವುದಿಲ್ಲ. ನಾನು ಸಂಗ್ರಹವನ್ನು ನಿಂದಿಸುತ್ತಿಲ್ಲ. ಅಂಗಡಿಯ ಬಾಗಿಲು ತೆರೆದಿದ್ದು, ಬೆಲೆ ಎಲ್ಲರಿಗೂ ಒಂದೇ ಆಗಿದ್ದು, ಬೇಡವೆಂದು ಹೊರನಡೆಯುವ ಸ್ವಾತಂತ್ರ್ಯ ಕೊಳ್ಳುವವನಿಗಿದ್ದರೆ ಅದು ವ್ಯಾಪಾರ. ಪ್ರಾಣಸಂಕಟದಲ್ಲಿರುವವನಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ಕೊಡುವ ಉಂಗುರ ಬೆಲೆಯಲ್ಲ, ಸುಲಿಗೆ.

ಕೇಡುಗಾಲವನ್ನು ಮುಂಗಂಡು ಕೂಡಿಟ್ಟ ಶ್ರಾವಕನೊಬ್ಬನ ಚರಿತ್ರೆಯೂ ನಮ್ಮಲ್ಲಿದೆ. ಕಚ್ಛದ ಭದ್ರೇಶ್ವರದ ಜಗಡೂ ಶಾ ಹದಿಮೂರನೆಯ ಶತಮಾನದ ದೊಡ್ಡ ವರ್ತಕ. ಬರಲಿರುವ ಕ್ಷಾಮದ ಮುನ್ಸೂಚನೆಯನ್ನು ಗುರುಗಳಿಂದ ತಿಳಿದು ಅವನು ಊರೂರುಗಳಲ್ಲಿ ಧಾನ್ಯವನ್ನು ಕೊಂಡು ಕಣಜ ತುಂಬಿಸಿದನು. 1256ರಿಂದ ಮೂರು ವರ್ಷ ಕ್ಷಾಮ ಬಿದ್ದಿತು. ಅರಸನು ಧಾನ್ಯವನ್ನು ಕೇಳಿದಾಗ, ಈ ಕಣಜಗಳು ಬಡವರಿಗಾಗಿ ಮೀಸಲೆಂಬ ತಾಮ್ರಪಟ ಅಲ್ಲಿ ದೊರೆಯಿತೆಂದು ಸರ್ವಾನಂದ ಸೂರಿಗಳ ಜಗಡೂಚರಿತ ಹೇಳುತ್ತದೆ. ಅವನೂ ಕೂಡಿಟ್ಟನು, ನಮ್ಮ ತರುಣರೂ ಕೂಡಿಡುತ್ತಾರೆ. ತಾಮ್ರಪಟದ ಮೇಲೆ ಯಾರ ಹೆಸರಿದೆ ಎಂಬುದಷ್ಟೇ ವ್ಯತ್ಯಾಸ. ಆದರೆ ಧರ್ಮಾಧರ್ಮಗಳ ನಡುವಿನ ಅಂತರವೆಲ್ಲ ಅದರಲ್ಲಿಯೇ ಇದೆ.

ಆದುದರಿಂದ ಬಸದಿಗಳ ಆಡಳಿತ ಮಂಡಳಿಗಳಲ್ಲಿ ನನ್ನದೊಂದು ವಿನಂತಿ. ಮುಂದಿನ ಮಳೆಗಾಲದೊಳಗೆ ಪ್ರತಿಯೊಂದು ಬಸದಿಯೂ ಒಂದು ಆಪತ್ಕಾಲದ ಉಗ್ರಾಣವನ್ನು ತೆರೆಯಲಿ. ಅದರಲ್ಲಿ ಅಕ್ಕಿ, ಬೇಳೆ, ಉಪ್ಪು, ಬೆಂಕಿಪೆಟ್ಟಿಗೆ, ದೀಪ, ಹೊದಿಕೆ, ವೈದ್ಯರು ಸೂಚಿಸಿದ ಔಷಧ ಇರಲಿ. ಲೆಕ್ಕದ ಪುಸ್ತಕವನ್ನು ಯಾರು ಬೇಕಾದರೂ ನೋಡುವಂತಿರಲಿ. ಹಳೆಯ ಧಾನ್ಯ ಕೆಟ್ಟು ಜೀವಹಿಂಸೆಗೆ ಎಡೆಯಾಗುವ ಮೊದಲೇ ಅದನ್ನು ಅನ್ನದಾನಕ್ಕೆ ಬಳಸಿ ಹೊಸದನ್ನು ತುಂಬಲಿ. ನೀರು ಏರಿದ ದಿನ ಜಾತಿ ಮತ ಕೇಳದೆ, ಬೆಲೆ ಕೇಳದೆ ಕೊಡಲಿ. ಆಹಾರದಾನ, ಔಷಧದಾನ, ಅಭಯದಾನಗಳೆಂದು ನಾವು ಉಪನ್ಯಾಸಗಳಲ್ಲಿ ಹೇಳುವುದು ಆ ಒಂದು ಕೋಣೆಯಲ್ಲಿ ಒಟ್ಟಿಗೆ ನೆರವೇರುತ್ತದೆ.

ಗೃಹಸ್ಥರಲ್ಲಿ ಮತ್ತೊಂದು ವಿನಂತಿ. ದಶಲಕ್ಷಣ ಪರ್ವದಲ್ಲಿ ಉತ್ತಮ ಶೌಚದ ದಿನ ಪೂಜೆ ಮುಗಿಸಿ ಮನೆಗೆ ಬಂದ ಮೇಲೆ, ನಿಮ್ಮ ಉಗ್ರಾಣದ ಬಾಗಿಲನ್ನೊಮ್ಮೆ ತೆರೆದು ನೋಡಿರಿ. ಅಲ್ಲಿರುವ ಪ್ರತಿಯೊಂದು ವಸ್ತುವಿನ ಮುಂದೆ ನಿಂತು, ಇದು ನನ್ನ ಮನೆಯವರ ಹಸಿವಿಗೋ, ನೆರೆಯವರ ಹಸಿವಿಗೋ, ಇಲ್ಲ ನೆರೆಯವರ ಹಸಿವಿನಿಂದ ಬರುವ ಲಾಭಕ್ಕೋ ಎಂದು ಕೇಳಿಕೊಳ್ಳಿರಿ. ಮೊದಲ ಎರಡಕ್ಕೆ ಸೇರಿದುದನ್ನು ಇಟ್ಟುಕೊಳ್ಳಿರಿ. ಮೂರನೆಯದಕ್ಕೆ ಸೇರಿದುದನ್ನು ಮರುದಿನವೇ ಬಸದಿಯ ಉಗ್ರಾಣಕ್ಕೆ ಕಳುಹಿಸಿರಿ. ಮದ್ಯದ ಶೀಶೆಗಳನ್ನು ಮಾತ್ರ ಅಲ್ಲಿಗೆ ತರಬೇಡಿರಿ. ಅವನ್ನು ಬಚ್ಚಲಿಗೆ ಸುರಿಯಿರಿ.